ಬೀಗ ಬೇರೆ ಬೇರೆ ಇರಲಿ

ಮೊಳೆಬಾಯಿಗೆ,

ಈ ಪತ್ರವನ್ನು ಲಿಫ್ಟಿನ ತಲೆಯ ಮೇಲೆ ಕೂತು ಓದಬೇಡ. ಕೆಳಗಿಳಿ, ಕೈಗೆ ಮೆತ್ತಿದ ಗ್ರೀಸು ಒರೆಸಿಕೋ, ಯಾರೂ ಇಣುಕದ ಒಂದು ಮೂಲೆ ನೋಡಿಕೊಂಡು ಓದು. ಹಳೆಯವಳು ಬೈಯಲು ಬರೆದಿದ್ದಾಳೆ ಅಂದುಕೊಂಡು ಹರಿದು ಹಾಕಲೂಬೇಡ. ಬೈಗುಳ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬೈಯುವುದಕ್ಕೇ ಆಗಿದ್ದರೆ ಹದಿನೈದು ತಿಂಗಳು ಕಾಯುತ್ತಿರಲಿಲ್ಲ, ನೀನು ಹೋದ ವಾರವೇ ಬರೆದು ಹಗುರಾಗುತ್ತಿದ್ದೆ.

ನೀನು ಯಾವ ಕಾಗದವನ್ನೂ ಕೊನೆಯವರೆಗೆ ಓದುವವನಲ್ಲ. ಹೊಸ ಮೋಟಾರಿನ ಜೊತೆ ಬಂದ ಪುಸ್ತಕವನ್ನು ಮೂರನೇ ಪುಟಕ್ಕೇ ಮುಚ್ಚಿ, ಅದರ ಮೇಲೆ ಕೂತು ಊಟ ಮಾಡಿದವನು. ಅದಕ್ಕೇ ಮುಖ್ಯ ಮಾತನ್ನು ಮೊದಲೇ ಹೇಳುತ್ತೇನೆ. ನನಗೊಂದು ಸೋಂಕು ಇತ್ತು. ಕ್ಲಮೈಡಿಯಾ ಅಂತ ಹೆಸರು, ಕೇಳಿದರೆ ಯಾವುದೋ ಹೂವಿನ ಗಿಡ ಅನ್ನಿಸುತ್ತದೆ. ಜೊತೆಗೆ ಮಲಗಿದವರಿಂದ ಬರುವಂಥದ್ದು. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ, ಒಳಗೆ ಕೂತಿದೆ ಅನ್ನುವ ಸುಳಿವೇ ಇರಲಿಲ್ಲ. ನಿನ್ನ ನಂತರ ನಾನು ಯಾರ ಜೊತೆಯೂ ಇರಲಿಲ್ಲ. ಆದ್ದರಿಂದ ಅದು ನಿನ್ನಲ್ಲೂ ಇರಬಹುದು. ನಿನ್ನಲ್ಲಿದ್ದರೆ ನಿನ್ನ ಹೆಂಡತಿಯಲ್ಲೂ ಇರಬಹುದು. ಆಕೆಗೆ ಆರು ತಿಂಗಳು ಎಂದು ಲಿಫ್ಟಿನ ಅಂಗಡಿಯ ನಮ್ಮ ಮೇಸ್ತ್ರಿ ಹೇಳಿದರು. ಹೆರಿಗೆಯ ಹೊತ್ತಿಗೂ ಅದು ಒಳಗೇ ಇದ್ದರೆ ಮಗುವಿನ ಕಣ್ಣಿಗೆ ತಗುಲಬಹುದು, ಎದೆಗೂ ಇಳಿಯಬಹುದು. ಬಸುರಿಯರಿಗೆ ಮಾಡುವ ಪರೀಕ್ಷೆಗಳಲ್ಲಿ ಇದು ಎಲ್ಲ ಕಡೆ ಸೇರಿರುವುದಿಲ್ಲವಂತೆ, ಬಾಯಿ ಬಿಟ್ಟು ಕೇಳಿ ಮಾಡಿಸಬೇಕಂತೆ. ಇದ್ದರೆ ಗುಳಿಗೆಯಲ್ಲಿ ಹೋಗುತ್ತದೆ, ಬಸುರಿಯರಿಗೂ ಕೊಡುವ ಗುಳಿಗೆ ಇದೆ. ಇನ್ನೂ ಮೂರು ತಿಂಗಳು ಸಮಯವಿದೆ.

ಇಷ್ಟೇ. ಇಲ್ಲಿಗೇ ಪತ್ರ ಮಡಚಿ ಜೇಬಿಗೆ ಹಾಕಿಕೊಂಡು ಆಸ್ಪತ್ರೆಯ ಕಡೆ ಹೊರಡುವುದಾದರೆ ಹೊರಡು. ಮಿಕ್ಕಿದ್ದು ನನ್ನ ಹೊಟ್ಟೆಯುರಿ. ಅದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಹೊರಡಲಿಲ್ಲ, ಅಲ್ಲವೇ? ನೀನು ಈಗ ಏನು ಹೇಳಿಕೊಳ್ಳುತ್ತಿದ್ದೀಯ ಎನ್ನುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ." ನಾನೂ ಇದೇ ಮಾತನ್ನು ಇದೇ ಕೊಬ್ಬಿನಿಂದ ಹೇಳಿದ್ದೆ. ಹೇಳಿದ್ದು ಯಾರಿಗೆ ಎನ್ನುವುದನ್ನೂ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಡುವುದು ಏನಿದೆ.

ನಾನು ಮದುವೆಯಾಗುತ್ತಿದ್ದೇನೆ. ಆಗುತ್ತಿದ್ದೆ. ಮುಂದಕ್ಕೆ ಹಾಕಿದ್ದೇವೆ. ಅವರು ಗಣಿತದ ಮೇಷ್ಟ್ರು. ಅವರ ಶಾಲೆಯ ಲಿಫ್ಟು ಎರಡು ಮತ್ತು ಮೂರನೇ ಮಹಡಿಯ ನಡುವೆ ಕೈಕೊಟ್ಟಾಗ ಒಳಗೆ ಸಿಕ್ಕಿಕೊಂಡಿದ್ದರು. ನಾನು ಬಾಗಿಲಿನ ಸಂದಿಯಿಂದ "ಹೆದರ್ಬೇಡಿ ಸಾರ್" ಅಂದರೆ, ಒಳಗಿನಿಂದ "ಪರವಾಗಿಲ್ಲ, ನಿಧಾನವಾಗಿ ಮಾಡಿ, ಇನ್ನೂ ಹನ್ನೊಂದು ಉತ್ತರಪತ್ರಿಕೆ ಬಾಕಿ ಇದೆ" ಅಂದರು. ಬಾಗಿಲು ತೆಗೆದಾಗ ನೆಲದ ಮೇಲೆ ಕೂತು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ನಿನಗಿಂತ ಕುಳ್ಳು. ನಗಬೇಡ.

ಒಂದೂವರೆ ತಿಂಗಳ ಹಿಂದೆ ಶಾಲೆಯ ಎದುರಿನ ಪಾರ್ಕಿನ ಬೆಂಚಿನ ಮೇಲೆ ನನ್ನ ಮುಂದೆ ಒಂದು ಮಡಚಿದ ಕಾಗದ ಇಟ್ಟರು. ರಕ್ತ, ಮೂತ್ರ, ಇಂಥ ಸೋಂಕು, ಅಂಥ ಸೋಂಕು, ಎಲ್ಲದರ ಮುಂದೆಯೂ ಇಲ್ಲ, ಇಲ್ಲ, ಇಲ್ಲ. "ಇದು ನಂದು. ಹಿಂದೆ ಒಬ್ಬರ ಜೊತೆ ಇದ್ದೆ ಅಂತ ನಿಂಗೆ ಹೇಳಿದ್ದೆನಲ್ಲ, ಅದಕ್ಕೆ ಮಾಡಿಸ್ಕೊಂಡೆ. ನೀನೂ ಒಂದ್ಸಲ ಮಾಡಿಸ್ಕೊಂಡ್ರೆ ಒಳ್ಳೇದು. ಆಮೇಲೆ ಜೊತೆಗಿರೋಣ." ನನ್ನ ಮೈಯೆಲ್ಲ ಉರಿದುಹೋಯಿತು. "ನನ್ನ ಮೇಲೆ ಅನುಮಾನನಾ?" ಅಂದೆ. "ಅನುಮಾನ ಇದ್ದಿದ್ರೆ ಪೇಪರ್ ಕೇಳ್ತಿರ್ಲಿಲ್ಲ, ಓಡಿಹೋಗ್ತಿದ್ದೆ" ಅಂದರು. ಆಗ ನಾನು ಆ ಗುಂಡುಕಲ್ಲಿನ ಮಾತು ಆಡಿ, ಅವರ ಕಾಗದವನ್ನು ಅವರ ತೊಡೆಯ ಮೇಲೆಸೆದು, ಬಸ್ಸು ಹತ್ತಿದೆ. ಹದಿನೈದು ದಿನ ಮಾತು ಬಿಟ್ಟೆ.

ಮಾತು ಬಿಟ್ಟವಳು ಸುಮ್ಮನಿರಬಾರದೇ? ನನ್ನ ಮೈಯನ್ನು ನಾನೇ ಕಾವಲು ಕಾಯಲು ಶುರು ಮಾಡಿದೆ. ಸೊಂಟ ಹಿಡಿದರೆ ಇದೇ ಇರಬಹುದೇ ಎಂದು ಎದೆ ಧಸಕ್ಕೆನ್ನುತ್ತಿತ್ತು. ಸಲಕರಣೆಯ ಪೆಟ್ಟಿಗೆ ಹೊತ್ತು ಹನ್ನೆರಡು ಮಹಡಿ ಹತ್ತಿದವಳಿಗೆ ಸೊಂಟ ಹಿಡಿಯದೆ ಇನ್ನೇನಾಗುತ್ತದೆ? ಬಚ್ಚಲುಮನೆಯಲ್ಲಿ ಉರಿಯುತ್ತದೆಯೋ ಎಂದು ಕಾದೆ, ಉರಿಯಲಿಲ್ಲ. ತಿಂಗಳ ದಿನ ಹೆಚ್ಚುಕಡಿಮೆಯಾಗಿದೆಯೋ ಎಂದು ಕ್ಯಾಲೆಂಡರು ಕೆದಕಿದೆ, ಆಗಿರಲಿಲ್ಲ. ಏನೂ ಇಲ್ಲ ಎಂದು ಗೊತ್ತಾದಷ್ಟೂ ಹೆದರಿಕೆ ಜಾಸ್ತಿಯಾಯಿತು. ನಾನು ಯಾವ ಕೆಲಸದವಳು ಹೇಳು! ಏನೂ ಇಲ್ಲ ಅನ್ನುವುದನ್ನು ನಂಬದೇ ಇರುವುದೇ ನನ್ನ ಕಸುಬು.

ಆಗ ಒಂದು ಬೆಳಿಗ್ಗೆ, ಏಳನೇ ಮಹಡಿಯ ಅಜ್ಜಿ ನನ್ನನ್ನು ತರಾಟೆಗೆ ತೆಗೆದುಕೊಂಡರು. ನಿನಗೆ ನೆನಪಿರಬೇಕು, ವಾಕರ್ ಹಿಡಿದುಕೊಂಡೇ ನಮ್ಮನ್ನು ಅಟ್ಟಿಸಿಕೊಂಡು ಬರುವವರು. "ಚೆನ್ನಾಗಿ ಓಡ್ತಾ ಇರೋ ಲಿಫ್ಟನ್ನ ಯಾಕಮ್ಮ ನಿಲ್ಲಿಸ್ತೀಯಾ? ಒಂದು ಸದ್ದಿಲ್ಲ, ಒಂದು ಕುಲುಕಾಟ ಇಲ್ಲ. ನಿಮಗೆ ಮಾಡೋಕೆ ಬೇರೆ ಕೆಲಸ ಇಲ್ವಾ?" ನಾನು ಎಂದಿನಂತೆ, "ಸದ್ದು ಬಂದ್ಮೇಲೆ ನೋಡೋಕೆ ನಾನ್ಯಾಕೆ ಬೇಕು ಅಜ್ಜಿ? ಸದ್ದಿಲ್ದಾಗ್ಲೇ ನೋಡ್ಬೇಕು" ಅಂದೆ. ಮೇಲೆ ಹೋಗಿ ಮೋಟಾರಿನ ಬ್ರೇಕು ಬಿಚ್ಚಿದರೆ ಅದರ ಪಟ್ಟಿ ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಇನ್ನು ಎಷ್ಟು ದಿನ ಹಿಡಿಯುತ್ತಿತ್ತೋ. ಆ ಅಜ್ಜಿ ದಿನಕ್ಕೆ ನಾಲ್ಕು ಸಲ ಅದರಲ್ಲಿ ಓಡಾಡುತ್ತಾರೆ. ಪೆಟ್ಟಿಗೆಯ ಮೇಲೆ ಕೂತೆ. ಅಜ್ಜಿಗೆ ಅಷ್ಟು ಜೋರಾಗಿ ಬುದ್ಧಿ ಹೇಳಿದ ನಾನು ಮೇಷ್ಟ್ರಿಗೆ ಅಜ್ಜಿಯ ಮಾತನ್ನೇ ಹೇಳಿ ಬಂದಿದ್ದೆ.

ಮರುದಿನವೇ ಕ್ಲಿನಿಕ್ಕಿಗೆ ಹೋದೆ. ಈಗ ನೀನು ನಗುವ ಭಾಗ, ನಕ್ಕುಬಿಡು. ಅಂಗಡಿ ಸಾಲಿನ ಹಿಂದಿರುವ ಆ ನಾಲ್ಕು ಮಹಡಿಯ ಕ್ಲಿನಿಕ್ಕು. ಅಲ್ಲಿಯ ಲಿಫ್ಟನ್ನು ನೋಡಿಕೊಳ್ಳುವುದು ನಾವೇ ಎಂದು ನನಗೆ ನೆನಪಾದದ್ದು ಬಾಗಿಲ ಕಾವಲಿನವನು ಎದ್ದು ನಿಂತಾಗ. "ಬನ್ನಿ ಮೇಡಂ, ಲಿಫ್ಟ್ ಕೆಟ್ಟಿದ್ಯಾ?" ಅಂದ. ನಾನು ಏನನ್ನಬೇಕಿತ್ತು? "ಹೂಂ" ಅಂದೆ. ಅಂದ ಮೇಲೆ ಮಾಡಬೇಕಲ್ಲ! ಚೆನ್ನಾಗಿದ್ದ ಲಿಫ್ಟನ್ನು ನಿಲ್ಲಿಸಿ, ಬೀಗ ಹಾಕಿ, ಬಾಗಿಲಿನ ಹಳಿ ಉಜ್ಜಿ, ಹಗ್ಗ ನೋಡಿ, ಎಣ್ಣೆ ಬಿಟ್ಟು, ಕಾರ್ಡಿಗೆ ಸಹಿ ಹಾಕಿ ಮನೆಗೆ ಬಂದೆ. ಪರೀಕ್ಷೆ ಆದದ್ದು ಲಿಫ್ಟಿಗೆ. ಮೂರನೇ ಮಹಡಿಯ ಡಾಕ್ಟರಮ್ಮನ ಬಾಗಿಲಿನ ಮುಂದೆ ಎರಡು ಸಲ ಮೇಲೆ ಕೆಳಗೆ ಹೋಗಿದ್ದೆ, ಒಳಗೆ ಕಾಲಿಡಲಿಲ್ಲ.

ಇನ್ನೂ ಒಂದು ವಾರ ಹೀಗೇ ತಳ್ಳಿದೆ. ಆಮೇಲೆ ಕೆಲಸದ ಬಟ್ಟೆ ಬಿಟ್ಟು ಬೇರೆ ಬಟ್ಟೆ ಹಾಕಿಕೊಂಡು ಹೋದೆ. ಕಾವಲಿನವನು ಅದೇ ಮುಖದಲ್ಲಿ, "ಲಿಫ್ಟ್ ಚೆನ್ನಾಗಿದ್ಯಲ್ಲ ಮೇಡಂ" ಅಂದ. "ಇವತ್ತು ಲಿಫ್ಟ್ ಅಲ್ಲಪ್ಪ, ನಾನು" ಅಂದೆ. ಆ ಮನುಷ್ಯ ತುಟಿಪಿಟಕ್ಕೆನ್ನದೆ ಮೂರನೇ ಮಹಡಿಯ ಗುಂಡಿ ಒತ್ತಿಕೊಟ್ಟ. ಅವನಿಗೆ ಒಳ್ಳೆಯದಾಗಲಿ.

ಒಳಗೆ ಡಾಕ್ಟರಮ್ಮ ಕಣ್ಣೆತ್ತದೆ ಬರೆದುಕೊಂಡರು. ಕೊನೆಯ ಸಲ ಯಾವಾಗ, ಅದಕ್ಕೆ ಮುಂಚೆ ಯಾರು, ರಕ್ಷಣೆ ಬಳಸಿದ್ದಿರಾ. "ಇಲ್ಲ" ಅಂದೆ. "ಯಾಕೆ?" ಅಂದರು. "ನಂಬಿಕೆ ಇತ್ತು" ಅಂದೆ. ಹೇಳುವಾಗ ನನಗೇ ನನ್ನ ಧ್ವನಿ ಚಿಕ್ಕ ಹುಡುಗಿಯದ್ದು ಅನ್ನಿಸಿತು. "ತೊಂದರೆ ಏನಾದ್ರೂ?" ಅಂದರು. "ಏನೂ ಇಲ್ಲ, ಅದಕ್ಕೇ ಬಂದೆ" ಅಂದೆ. ಆಗ ಮೊದಲ ಸಲ ಮುಖ ನೋಡಿದರು. "ಹೆಚ್ಚಿನವರಿಗೆ ಇರಲ್ಲ. ಅದಕ್ಕೇ ಬರಲ್ಲ" ಅಂದರು. ಕಡ್ಡಿಗೆ ಹತ್ತಿ ಸುತ್ತಿದಂಥದ್ದೊಂದು ಕೊಟ್ಟು ಪರದೆಯ ಹಿಂದೆ ಕಳಿಸಿದರು. ಐದು ನಿಮಿಷದ ಕೆಲಸ. ಅದಕ್ಕಾಗಿ ನಾನು ಮೂರು ವಾರ ನಿದ್ದೆಗೆಟ್ಟಿದ್ದೆ.

ಫಲಿತಾಂಶಕ್ಕೆ ಆರು ದಿನ. ಆ ಆರು ದಿನದಲ್ಲಿ ನಾನು ಮಾಡಿದ ಕೆಲಸವನ್ನು ಮೇಸ್ತ್ರಿ ಎರಡೆರಡು ಸಲ ತಪಾಸಣೆ ಮಾಡಿದರು, ಪುಣ್ಯಾತ್ಮ. ಆರನೇ ದಿನ ನಾನು ಒಂದು ಆಫೀಸು ಕಟ್ಟಡದಲ್ಲಿ, ಲಿಫ್ಟಿನ ತಲೆಯ ಮೇಲೆ, ಐದನೇ ಮಹಡಿಯ ಎತ್ತರದಲ್ಲಿದ್ದೆ. ಜೇಬಿನಲ್ಲಿ ಫೋನು ಅದುರಿತು. ಮೇಲಿದ್ದಾಗ ಫೋನು ಮುಟ್ಟಬಾರದು. ಮುಟ್ಟಲಿಲ್ಲ. ನಿಂತಿತು. ಮತ್ತೆ ಅದುರಿತು. ಎಂಟು ಬೋಲ್ಟು ಬಿಗಿಯುವುದಿತ್ತು, ಮೂರು ಬಿಗಿದಿದ್ದೆ. ನಾಲ್ಕನೆಯದಕ್ಕೆ ಮತ್ತೆ ಅದುರಿತು. ಸುಮ್ಮನೆ ಯಾರೂ ಮೂರು ಸಲ ಫೋನು ಮಾಡುವುದಿಲ್ಲ, ಏನೂ ಇಲ್ಲ ಅನ್ನುವುದಕ್ಕೂ ಮಾಡುವುದಿಲ್ಲ. ಸ್ಪ್ಯಾನರು ಎರಡು ಸಲ ಜಾರಿತು. ಆದರೂ ಎಂಟೂ ಬಿಗಿದೆ. ಹೊರಗೆ ಬಂದು, ಬೀಗ ತೆಗೆದು, ಮೆಟ್ಟಿಲ ಮೇಲೆ ಕೂತು ಫೋನು ಮಾಡಿದೆ. "ಒಂದ್ಸಲ ಬಂದು ಹೋಗ್ತೀರಾ?" ಅಂದಳು ನರ್ಸು. ಅಷ್ಟಕ್ಕೇ ಗೊತ್ತಾಯಿತು.

ಡಾಕ್ಟರಮ್ಮ ಏಳು ದಿನದ ಗುಳಿಗೆ ಬರೆದರು. ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕು ಅಂದರು. ನಾನು ಕೇಳಿದ್ದು ಒಂದೇ: "ಅವನಿಂದ ಬಂದಿದ್ದಾ?" ಅವರು ಕಾಗದವನ್ನು ನನ್ನ ಕಡೆ ತಿರುಗಿಸಿ, "ಯಾರಿಂದ ಯಾರಿಗೆ ಅಂತ ಇದು ಹೇಳಲ್ಲಮ್ಮ. ಇದೆ ಅಂತ ಮಾತ್ರ ಹೇಳತ್ತೆ" ಅಂದರು. ಹೊರಗೆ ಬಂದು ರಸ್ತೆಯುದ್ದಕ್ಕೂ ನಿನ್ನನ್ನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ, ಒಬ್ಬ ಹೂ ಮಾರುವವಳು ಗಾಬರಿಯಾಗಿ ಬುಟ್ಟಿ ಸರಿಸಿಕೊಂಡಳು. ನೀನು ಬೇರೆ ಯಾರ ಜೊತೆಯೋ ಇದ್ದೆ, ನನಗೆ ಮೋಸ ಮಾಡಿದೆ, ಅದಕ್ಕೇ ಓಡಿಹೋದೆ ಎಂದು ಪೂರ್ತಿ ಕಥೆ ಕಟ್ಟಿ ಮುಗಿಸಿದೆ. ಮನೆ ಬರುವ ಹೊತ್ತಿಗೆ ಉಸಿರು ಕಡಿಮೆಯಾಗಿ, ಇನ್ನೊಂದು ಲೆಕ್ಕ ಹೊಳೆಯಿತು. ನಿನಗಿಂತ ಮುಂಚೆ ನನಗೂ ಒಬ್ಬನಿದ್ದ. ನನ್ನಿಂದಲೇ ನಿನಗೆ ಬಂದಿರಬಹುದು. ನನ್ನಿಂದಲೇ, ನಾನು ಕಣ್ಣಾರೆ ಕಾಣದ ನಿನ್ನ ಹೆಂಡತಿಗೂ ಹೋಗಿರಬಹುದು. ಅದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆದಿದ್ದೇನೆ.

ಇನ್ನೊಂದು ಮಾತನ್ನೂ ಬರೆಯಬೇಕು, ಇದು ಅದಕ್ಕಿಂತ ಕೆಟ್ಟದ್ದು. ಇಂಥದ್ದು ಬಹಳ ದಿನ ಒಳಗೇ ಇದ್ದರೆ ಹೆಂಗಸರಿಗೆ ಮಕ್ಕಳಾಗುವ ದಾರಿಗೆ ಏಟು ಬೀಳಬಹುದಂತೆ. "ನಿಮಗೆ ಬಿದ್ದಿದೆ ಅಂತಲ್ಲ. ಮುಂದೆ ನೋಡೋಣ" ಅಂದರು ಡಾಕ್ಟರಮ್ಮ. ಆ ವಾರವೇ ಮೇಸ್ತ್ರಿ ಹಲ್ಲು ಬಿಟ್ಟುಕೊಂಡು ಬಂದು ನಿನ್ನ ಸುದ್ದಿ ಹೇಳಿದರು. ನಿನಗೆ ಮಗು, ನನಗೆ ನೋಡೋಣ. ನಿನಗೆ ಹೇಳಬಾರದು ಎಂದು ತೀರ್ಮಾನ ಮಾಡಿದೆ. ಮರೆತದ್ದಲ್ಲ, ಹೆದರಿದ್ದೂ ಅಲ್ಲ. ಗೊತ್ತಿದ್ದೂ, ಎಚ್ಚರದಲ್ಲೇ, ಎರಡು ದಿನ ಆ ತೀರ್ಮಾನವನ್ನು ಮಡಿಲಲ್ಲಿಟ್ಟುಕೊಂಡು ಓಡಾಡಿದೆ. ನಾನು ಅಂಥವಳು ಎಂದು ನನಗೇ ಗೊತ್ತಿರಲಿಲ್ಲ.

ಮೂರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಹೋಗಿ ಮೇಷ್ಟ್ರ ಮುಂದೆ ನನ್ನ ಕಾಗದ ಇಟ್ಟೆ. ಉತ್ತರಪತ್ರಿಕೆ ಓದುವ ಹಾಗೆ ಎರಡು ಸಲ ಓದಿದರು. ಮುಖ ಸಣ್ಣದಾಯಿತು, ಸುಳ್ಳು ಹೇಳುವುದಿಲ್ಲ. ಕೈಗೆ ಅಂಟಿದ ಸೀಮೆಸುಣ್ಣ ಕೊಡವಿದರು, ಅಂಟಿರದಿದ್ದರೂ ಕೊಡವಿದರು. ಆಮೇಲೆ, "ಅವ್ರಿಗೆ ಹೇಳಿದ್ಯಾ?" ಅಂದರು. ನಾನು ಸಿಡಿದೆ. "ಅವನಿಗ್ಯಾಕೆ ಹೇಳ್ಬೇಕು? ಹೋದ್ಮೇಲೆ ಅವನು ನಂಗೆ ಒಂದು ಫೋನ್ ಮಾಡಿದ್ನಾ?" ಮಕ್ಕಳೆಲ್ಲ ತಿರುಗಿ ನೋಡಿದವು. ಅವರು ಗೇಟಿನ ಕಂಬಕ್ಕೆ ಒರಗಿ, "ನಾನು ಅವ್ರ ಬಗ್ಗೆ ಕೇಳ್ತಿಲ್ಲ. ಅವ್ರ ಮನೇಲಿರೋರಿಗೆ ಹೇಳೋರು ಯಾರು?" ಅಂದರು. ಬಸ್ಸಿನಲ್ಲಿ ಕೂತು ಅತ್ತೆ. ಅಳುವಾಗ ನೆನಪಾದದ್ದು ನಿನ್ನ ಎಡಗೈ.

ಆ ದಿನದ ಬಗ್ಗೆ ನಾವು ಒಮ್ಮೆಯೂ ಮಾತಾಡಲಿಲ್ಲ. ಈಗ ಆಡುತ್ತೇನೆ. ನಮ್ಮ ಕೆಲಸದ ಮೊದಲನೇ ಪಾಠ ಅದು: ಲಿಫ್ಟು ಓಡುವ ಬಾವಿಯೊಳಗೆ ಇಳಿಯುವ ಮುಂಚೆ ಕರೆಂಟು ಆರಿಸಿ, ಒಳಗೆ ಹೋಗುವ ಪ್ರತಿಯೊಬ್ಬರೂ ಸ್ವಿಚ್ಚಿಗೆ ತಮ್ಮ ತಮ್ಮ ಬೀಗ ಹಾಕಬೇಕು, ಕೀಲಿ ತಮ್ಮ ತಮ್ಮ ಜೇಬಿನಲ್ಲಿರಬೇಕು. ಹೊರಗೆ ಬಂದು "ಹೊರಗಿದ್ದೀನಿ" ಎಂದು ತಮ್ಮ ಬಾಯಿಂದಲೇ ಕೂಗಿ, ತಮ್ಮ ಬೀಗ ತಾವೇ ತೆಗೆಯಬೇಕು. ಇಬ್ಬರಿದ್ದರೆ ಎರಡು ಬೀಗ. ನಾವು ಇಬ್ಬರಿದ್ದೆವು, ಆದರೆ ಒಂದೇ ಬೀಗ ಹಾಕುತ್ತಿದ್ದೆವು. ಅದು ನಮ್ಮ ಪ್ರೀತಿಯ ಗುಟ್ಟಾಗಿತ್ತು. ಬೇರೆಯವರು ಉಂಗುರ ತೊಡಿಸುತ್ತಾರೆ, ನೀನು ನಿನ್ನ ಬೀಗವನ್ನು ಅಂಗಡಿಯ ಗೋಡೆಯಲ್ಲೇ ಬಿಟ್ಟು ಬಂದು, "ನನ್ನ ಜೀವ ನಿನ್ನ ಜೇಬಲ್ಲಿರಲಿ" ಅಂದೆ. ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತೇ? ಜೇಬು ತಡವಿ ತಡವಿ ನೋಡಿಕೊಳ್ಳುತ್ತಿದ್ದೆ.

ಆ ದಿನ ನೀನು ಲಿಫ್ಟಿನ ತಲೆಯ ಮೇಲೆ, ನಾನು ಮೋಟಾರಿನ ಕೋಣೆಯಲ್ಲಿ. ಹಗ್ಗ ಇಳಿಯುವ ತೂತಿನಿಂದ ಕೂಗಿದೆ: "ಹೊರಗಿದ್ದೀಯಾ?" ಉತ್ತರವಿಲ್ಲ. ಎಲ್ಲೋ ಬಾಗಿಲು ಮುಚ್ಚಿದ ಸದ್ದಾಯಿತು. ನೀನು ನೀರು ಕುಡಿಯಲು ಹೋದೆ ಅಂದುಕೊಂಡೆ. ಜೇಬಿನಿಂದ ಕೀಲಿ ತೆಗೆದೆ, ಬೀಗ ತೆಗೆದೆ, ಸ್ವಿಚ್ಚು ಎತ್ತಿದೆ. ನಿನ್ನ ಬಾಯಿತುಂಬ ಮೊಳೆಗಳಿದ್ದವು. ತಿರುಪುಮೊಳೆಗಳನ್ನು ತುಟಿಯ ಮಧ್ಯೆ ಕಚ್ಚಿಕೊಂಡು ಕೆಲಸ ಮಾಡುವ ನಿನ್ನ ಹಾಳು ಚಾಳಿ, ನಾನೇ ಅದಕ್ಕೆ ನಿನಗೆ ಮೊಳೆಬಾಯಿ ಎಂದು ಹೆಸರಿಟ್ಟವಳು. ಲಿಫ್ಟು ಒಂದು ಗೇಣು ಮೇಲೆದ್ದಿತು. ಆಮೇಲೆ ನಿನ್ನ ಕಿರುಚು. ಅದು ಈಗಲೂ ಒಮ್ಮೊಮ್ಮೆ ಕಿವಿಯಲ್ಲಿ ಕೇಳುತ್ತದೆ.

ಎಡಗೈಗೆ ಹನ್ನೆರಡು ಹೊಲಿಗೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ನೀನು ಮೇಸ್ತ್ರಿಗೆ ಹೇಳಿದೆ: "ಅವಳದ್ದೇನೂ ತಪ್ಪಿಲ್ಲ. ನಾನೇ ಹೊರಗಿದ್ದೀನಿ ಅಂದೆ, ಆಮೇಲೆ ಏನೋ ಮರೆತೆ ಅಂತ ಮತ್ತೆ ಒಳಗೆ ಹೋದೆ." ನನ್ನ ಕೆಲಸ ಉಳಿಯಿತು. ಮೇಸ್ತ್ರಿ ನಂಬಲಿಲ್ಲ, ಆದರೆ ಬರೆದುಕೊಂಡರು. ಬಾಗಿಲವರೆಗೆ ಹೋಗಿ ತಿರುಗಿ ನಿಂತು, "ಪ್ರೀತಿ ಮಾಡ್ಕೊಳ್ಳಿ, ಯಾರು ಬೇಡ ಅಂದ್ರು? ಬೀಗ ಮಾತ್ರ ಬೇರೆ ಬೇರೆ ಇರಲಿ" ಅಂದರು. ಆಗ ನಾಚಿಕೆಯಲ್ಲಿ ನೆಲ ನೋಡಿದ್ದೆ. ನಾನು ನಿನಗೆ ಕ್ಷಮಿಸು ಎಂದು ಹೇಳಲೇ ಇಲ್ಲ. ನೀನು ಕೇಳಲೇ ಇಲ್ಲ. ಅಲ್ಲಿಂದಲೇ ಇರಬೇಕು, ನಮ್ಮ ನಡುವೆ ಮಾತು ಕಡಿಮೆಯಾಗುತ್ತ ಹೋಗಿ, ಕೊನೆಗೆ ನೀನು ಬೇರೆ ಊರಿನ ದೊಡ್ಡ ಕಂಪನಿಗೆ ಹೊರಟಾಗ "ಹೋಗಿ ಫೋನ್ ಮಾಡ್ತೀನಿ" ಅನ್ನುವಷ್ಟೇ ಉಳಿದದ್ದು. ಅದನ್ನೂ ನೀನು ಮಾಡಲಿಲ್ಲ. ನಾನು ಅದಕ್ಕೂ ಕಾದೆ.

ಕ್ಷಮಿಸು. ಕೈಗೆ.

ಈಗ ಕೆಲಸದ ಮಾತು. ಹೆಸರು ಹಾಕದೆ ನಿನಗೊಂದು ಸಂದೇಶ ಕಳಿಸುತ್ತೇವೆ ಎಂದು ಕ್ಲಿನಿಕ್ಕಿನವರೇ ಹೇಳಿದ್ದರು. ನಿನ್ನ ಹೊಸ ನಂಬರು ನನ್ನಲ್ಲಿಲ್ಲ. ಇದ್ದಿದ್ದರೂ, ನೀನು ಬಹುಮಾನ ಬಂದಿದೆ ಅನ್ನುವ ಸಂದೇಶಗಳ ಜೊತೆ ಅದನ್ನೂ ಅಳಿಸಿ ಹಾಕುತ್ತಿದ್ದೆ. ಮೇಸ್ತ್ರಿಯ ಹತ್ತಿರ ಕೇಳಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು, ಅದು ನಿನ್ನ ಗುಟ್ಟೂ ಹೌದು. ಅದಕ್ಕೆ ನನ್ನ ಕೈಬರಹ, ನಿನ್ನ ಕಂಪನಿಯ ವಿಳಾಸ. ಮನೆಗೆ ಕಳಿಸಿಲ್ಲ. ಆಕೆಗೆ ಇದು ಲಕೋಟೆಯಿಂದ ಗೊತ್ತಾಗಬಾರದು, ನಿನ್ನ ಬಾಯಿಂದ ಗೊತ್ತಾಗಬೇಕು.

ಗಂಡಸರಿಗೆ ಪರೀಕ್ಷೆ ಅಂದರೆ ಒಂದು ಸೀಸೆಗೆ ಮೂತ್ರ ಹಿಡಿದು ಕೊಡುವುದು, ಅಷ್ಟೇ. ಸೂಜಿ ಕಂಡರೆ ಬವಳಿ ಬೀಳುವ ನೀನೂ ಮಾಡಬಹುದು. ಆದರೆ ಒಬ್ಬನೇ ಹೋಗಿ, ಕದ್ದು ಗುಳಿಗೆ ನುಂಗಿ ಕೈ ತೊಳೆದುಕೊಳ್ಳಬೇಡ. ನಿನ್ನನ್ನು ನಾನು ಬಲ್ಲೆ, ಮೊದಲು ಹೊಳೆಯುವುದು ಅದೇ. ಒಬ್ಬರಿಗೆ ಮಾತ್ರ ವಾಸಿಯಾದರೆ ಇನ್ನೊಬ್ಬರಿಂದ ಮತ್ತೆ ಬರುತ್ತದೆ, ಮಗುವಿಗೆ ಏನೂ ಉಪಯೋಗವಾಗುವುದಿಲ್ಲ. ಇಬ್ಬರೂ ಮಾಡಿಸಿಕೊಳ್ಳಬೇಕು, ಇದ್ದರೆ ಇಬ್ಬರೂ ಒಟ್ಟಿಗೆ ತೆಗೆದುಕೊಳ್ಳಬೇಕು, ಡಾಕ್ಟರು ಸರಿ ಅನ್ನುವವರೆಗೆ ದೂರ ಇರಬೇಕು. ಆಕೆ ಅಳುತ್ತಾಳೆ. ಬೈಯುತ್ತಾಳೆ. ಬೈಯಲಿ. ಹೇಗೆ ಹೇಳುವುದು ಎಂದು ತೋಚದಿದ್ದರೆ ನನ್ನ ಮೇಲೆ ಹಾಕು. ಹಿಂದೆ ಒಬ್ಬಳಿದ್ದಳು, ಅವಳಿಂದ ಬಂತು ಎಂದು ಹೇಳು. ನನಗಾಗಿ ನೀನು ಒಮ್ಮೆ ಸುಳ್ಳು ಹೇಳಿ ತಪ್ಪನ್ನು ಹೊತ್ತೆ. ಈ ಸಲ ನಾನು ಹೊರುತ್ತೇನೆ, ಅದು ಸುಳ್ಳಾಗಿರಬೇಕೆಂದೂ ಇಲ್ಲ.

ನಾನು ಗುಳಿಗೆ ಮುಗಿಸಿದೆ. ಮೇಷ್ಟ್ರು ಎರಡು ದಿನ ಬರಲಿಲ್ಲ, ಮೂರನೆಯ ದಿನ ಬಂದು, ಪರೀಕ್ಷೆಯ ದಿನ ಯಾವುದು ಎಂದು ಕೇಳಿ ತಮ್ಮ ಡೈರಿಯಲ್ಲಿ ಬರೆದುಕೊಂಡರು. ಅದಾದ ಮೇಲೆ ಮದುವೆಯ ಮಾತು. ಆಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಕಾಯಲು ಬರುತ್ತದೆ.

ನಿನ್ನನ್ನು ಕಾಯುವುದು ಮಾತ್ರ ನನ್ನಿಂದ ಆಗುವುದಿಲ್ಲ. ಈ ಪತ್ರ ನಿನಗೆ ಮುಟ್ಟಲು ಮೂರು ದಿನ. ಅಲ್ಲಿಂದ ಹತ್ತು ದಿನ ಕೊಡುತ್ತೇನೆ. ಹನ್ನೊಂದನೆಯ ದಿನ ನಾನೇ ಬಂದು ನಿನ್ನ ಬಾಗಿಲು ತಟ್ಟುತ್ತೇನೆ. ಹೊಟ್ಟೆ ಹೊತ್ತ ಆ ಹೆಣ್ಣುಮಗಳ ಎದುರು ನಿಂತು ಏನು ಹೇಳಬೇಕು ಎಂದು ನನಗೆ ತಿಳಿಯದು. ಆದರೂ ಬರುತ್ತೇನೆ. ಉತ್ತರ ಬರದಿದ್ದರೆ ಎಲ್ಲ ಸರಿಯಿದೆ ಎಂದು ಇನ್ನೊಮ್ಮೆ ಅಂದುಕೊಳ್ಳುವವಳಲ್ಲ ನಾನು. ಒಮ್ಮೆ ಹಾಗೆ ಅಂದುಕೊಂಡದ್ದು ನಿನ್ನ ಕೈಯ ಮೇಲೆ ಇದೆ, ಅಂಗಿಯ ತೋಳು ಮಡಚಿ ನೋಡಿಕೋ.

ಪರೀಕ್ಷೆ ಆಗಿ, ಇಬ್ಬರದ್ದೂ ಮುಗಿದ ಮೇಲೆ ಅಂಗಡಿಗೆ ಫೋನು ಮಾಡು. ಆ ನಂಬರು ಬದಲಾಗಿಲ್ಲ. ಬೆಳಿಗ್ಗೆ ಎಂಟಕ್ಕೆ ನಾನೇ ಎತ್ತುತ್ತೇನೆ. ಹೇಗಿದ್ದೀಯ ಎಂದು ಕೇಳಬೇಡ, ಹಳೆಯದನ್ನು ಎತ್ತಬೇಡ. ಒಂದೇ ಮಾತು ಸಾಕು, ಬೀಗ ತೆಗೆಯುವ ಮುಂಚೆ ಕೂಗುವ ಮಾತು, ಯಾವುದು ಎಂದು ನಿನಗೆ ಗೊತ್ತು. ಅದನ್ನು ನಿನ್ನ ಪರವಾಗಿ ಬೇರೆ ಯಾರಿಂದಲೂ ಹೇಳಲಾಗುವುದಿಲ್ಲ.

ನಿನ್ನ ಮಗು ಸುಖವಾಗಿ ಹುಟ್ಟಲಿ. ಎರಡೂ ಕಣ್ಣು ಅಗಲವಾಗಿ ತೆರೆದು ನಿಮ್ಮಿಬ್ಬರನ್ನೂ ನೋಡಲಿ. ನಿನ್ನ ಕಿವಿ ಬರಲಿ, ನಿನ್ನ ಮೌನ ಬಾರದಿರಲಿ.

ನೀನು ಮೇಲೆ ಅಂದರೆ ಕೆಳಗೆ ಅನ್ನುತ್ತಿದ್ದವಳು, ಅದಕ್ಕೇ ನೀನು ಲಿಫ್ಟು ಏರಿದರೆ ಇಳಿಯುವ ಎದುರುತೂಕ ಎಂದು ಕರೆಯುತ್ತಿದ್ದವಳು, ಈಗ ಫೋನಿನ ಪಕ್ಕ ಕೂತಿರುವವಳು,

ನಾನು.

ಬಾಯಲ್ಲಿರುವ ಮೊಳೆ ಉಗಿ. ಮಾತಾಡು.